ಜಾತ್ರೆ ಯಾರದು, ಬಸ್ ಚಾರ್ಜು ಯಾರದು?

ಮಲೆನಾಡಿನ ಯಾವುದೇ ಊರಿನಲ್ಲಿ ರಥೋತ್ಸವದ ದಿನ ಬೆಳಗಿನ ಬಸ್ಸಿಗೆ ಕಾದು ನಿಂತವರಿಗೆ ಒಂದು ಅನುಭವ ಹೊಸದೇನಲ್ಲ. ಘಟ್ಟದ ತಿರುವಿನಲ್ಲಿ ಕಾಣಿಸಿಕೊಂಡ ಬಸ್ಸು ನಿಲ್ದಾಣದಲ್ಲಿ ನಿಲ್ಲದೆ ಮುಂದೆ ಸಾಗುತ್ತದೆ. ಬಾಗಿಲಲ್ಲಿ ಜೋತುಬಿದ್ದ ಪರಊರಿನ ಜನರ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಪಾಸು ಹಿಡಿದ ಕಾಲೇಜು ವಿದ್ಯಾರ್ಥಿನಿ, ತಾಲ್ಲೂಕು ಆಸ್ಪತ್ರೆಗೆ ಹೊರಟ ಮುದುಕ, ಸೊಸೈಟಿಗೆ ಹೋಗಬೇಕಾದ ರೈತ ರಸ್ತೆಯ ಬದಿಯಲ್ಲೇ ಉಳಿಯುತ್ತಾರೆ. ದೇವರ ದರ್ಶನಕ್ಕೆ ಬಂದವರದು ತಪ್ಪೇ? ಖಂಡಿತ ಅಲ್ಲ. ದಿನನಿತ್ಯ ಅದೇ ಬಸ್ಸನ್ನು ನಂಬಿದವರು ಒಂದು ದಿನ ಸಹಿಸಿಕೊಳ್ಳಬೇಕೇ? ಸಹಿಸಿಕೊಂಡಾರು. ಆದರೆ ಜಾತ್ರೆಯ ಆದಾಯ ಯಾರ ಕೈಸೇರುತ್ತದೆ, ಅದರ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಯಾರಾದರೂ ಒಂದು ದಿನ ಕೇಳಲೇಬೇಕಾಗುತ್ತದೆ.

ಈ ಪ್ರಶ್ನೆಯನ್ನು 2024ರ ಬೇಸಿಗೆಯಲ್ಲಿ ಪ್ಯಾರಿಸ್ ಮಹಾನಗರ ಎದುರಿಸಬೇಕಾಯಿತು. ಅಲ್ಲಿನ ಜಾತ್ರೆಯ ಹೆಸರು ಒಲಿಂಪಿಕ್ಸ್.

ದುಪ್ಪಟ್ಟಾದ ಟಿಕೆಟ್

ಪ್ಯಾರಿಸ್ ಮತ್ತು ಅದರ ಸುತ್ತಲಿನ ಇಲ್-ದ-ಫ್ರಾನ್ಸ್ ಪ್ರಾಂತ್ಯದ ಸಾರಿಗೆಯನ್ನು ನೋಡಿಕೊಳ್ಳುವುದು ಇಲ್-ದ-ಫ್ರಾನ್ಸ್ ಮೊಬಿಲಿತೆ ಎಂಬ ಸಾರ್ವಜನಿಕ ಪ್ರಾಧಿಕಾರ. ಅದರ ಅಧ್ಯಕ್ಷೆ ವಾಲೆರಿ ಪೆಕ್ರೆಸ್ 2023ರ ನವೆಂಬರ್‌ನಲ್ಲಿ ಒಂದು ನಿರ್ಧಾರವನ್ನು ಪ್ರಕಟಿಸಿದರು. 2024ರ ಜುಲೈ 20ರಿಂದ ಸೆಪ್ಟೆಂಬರ್ 8ರವರೆಗೆ, ಅಂದರೆ ಒಲಿಂಪಿಕ್ಸ್ ಆರಂಭಕ್ಕೆ ಕೆಲವು ದಿನ ಮೊದಲಿನಿಂದ ಪ್ಯಾರಾಲಿಂಪಿಕ್ಸ್ ಮುಗಿಯುವವರೆಗೆ, ಮೆಟ್ರೊದ ಬಿಡಿ ಟಿಕೆಟ್ಟಿನ ಬೆಲೆ 2.15 ಯೂರೊ ಬದಲು 4 ಯೂರೊ. ಅಂದಿನ ವಿನಿಮಯ ದರದಲ್ಲಿ ಸುಮಾರು 195 ರೂಪಾಯಿಯಿಂದ ಸುಮಾರು 360 ರೂಪಾಯಿಗೆ ಏರಿಕೆ. ಹತ್ತು ಟಿಕೆಟ್ಟುಗಳ ಕಟ್ಟು 17.35 ಯೂರೊ ಇದ್ದದ್ದು 32 ಯೂರೊ ಆಯಿತು. ಪ್ರವಾಸಿಗರಿಗೆಂದೇ ‘ಪ್ಯಾರಿಸ್ 2024’ ಎಂಬ ಪಾಸು ಬಂತು. ದಿನಕ್ಕೆ 16 ಯೂರೊ, ವಾರಕ್ಕೆ 70 ಯೂರೊ. ವಿಮಾನ ನಿಲ್ದಾಣದ ಪ್ರಯಾಣವೂ ಅದರಲ್ಲಿ ಸೇರಿತ್ತು.

ಇನ್ನೊಂದು ಕಡೆ, ‘ನಾವಿಗೊ’ ಎಂಬ ತಿಂಗಳ ಅಥವಾ ವರ್ಷದ ಪಾಸನ್ನು ಹೊಂದಿದ್ದ ಸ್ಥಳೀಯರಿಗೆ ಒಂದು ಬಿಡಿಕಾಸೂ ಹೆಚ್ಚಾಗಲಿಲ್ಲ. ತಿಂಗಳ ಪಾಸಿನ ದರ 2024ರಲ್ಲಿ 86.40 ಯೂರೊ ಇತ್ತು. ಫ್ರಾನ್ಸಿನ ಕಾನೂನಿನ ಪ್ರಕಾರ ನೌಕರರ ಪಾಸಿನ ಅರ್ಧದಷ್ಟು ವೆಚ್ಚವನ್ನು ಮಾಲೀಕರೇ ಭರಿಸಬೇಕು. ವಿದ್ಯಾರ್ಥಿಗಳ ಮತ್ತು ವೃದ್ಧರ ಪಾಸುಗಳ ದರವನ್ನೂ ಮುಟ್ಟಲಿಲ್ಲ. ಆಗೊಮ್ಮೆ ಈಗೊಮ್ಮೆ ಮಾತ್ರ ಮೆಟ್ರೊ ಹತ್ತುವ ಸ್ಥಳೀಯರು ಜುಲೈ 20ಕ್ಕೆ ಮೊದಲೇ ಹಳೆಯ ದರದಲ್ಲಿ ಟಿಕೆಟ್ ಕೊಂಡಿಟ್ಟುಕೊಳ್ಳಬಹುದಿತ್ತು. ತಿಂಗಳ ಕೊನೆಯಲ್ಲಿ ಲೆಕ್ಕ ಹಾಕಿ ಹಣ ಪಡೆಯುವ ಇನ್ನೊಂದು ಬಗೆಯ ಕಾರ್ಡಿನ ದರವೂ ಹಾಗೆಯೇ ಉಳಿಯಿತು.

ಒಟ್ಟಿನಲ್ಲಿ ಪ್ರವಾಸಿಯ ಒಂದು ವಾರದ ಪಾಸು ಸ್ಥಳೀಯನ ಒಂದು ತಿಂಗಳ ಪಾಸಿನ ಹತ್ತಿರ ಹತ್ತಿರ ಬಂತು.

ಎರಡೂ ಪಕ್ಷದ ಮಾತು

ಪೆಕ್ರೆಸ್ ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಕ್ರೀಡಾಕೂಟದ ವಾರಗಳಲ್ಲಿ ಹೆಚ್ಚುವರಿ ರೈಲುಗಳನ್ನು ಓಡಿಸಬೇಕು, ಚಾಲಕರಿಗೆ ಮತ್ತು ಸಿಬ್ಬಂದಿಗೆ ಹೆಚ್ಚುವರಿ ವೇತನ ಕೊಡಬೇಕು. ಇದಕ್ಕೆ ಸುಮಾರು 20 ಕೋಟಿ ಯೂರೊ ಬೇಕಾಗುತ್ತದೆ. ಈ ಹಣವನ್ನು ವರ್ಷವಿಡೀ ದುಡಿದು ಪಾಸು ಕೊಳ್ಳುವ ಸ್ಥಳೀಯರಿಂದ ಕಿತ್ತುಕೊಳ್ಳುವುದು ಅನ್ಯಾಯ. ಆಟ ನೋಡಲು ಬಂದವರು ಕೊಡಲಿ ಎಂಬುದು ಅವರ ತರ್ಕ. ಮಲೆನಾಡಿನ ರೈತನಿಗೆ ಇದು ಕೂಡಲೇ ಅರ್ಥವಾಗುವ ಮಾತು. ಕೆರೆಯ ಕೋಡಿಯನ್ನು ಯಾರೂ ಸರಾಸರಿ ಮಳೆಯನ್ನು ನೋಡಿ ಕಟ್ಟುವುದಿಲ್ಲ. ಹತ್ತಾರು ವರ್ಷಗಳಲ್ಲಿ ಒಮ್ಮೆ ಬರುವ ಮಹಾಮಳೆಗೆ ತಕ್ಕಂತೆ ಕಟ್ಟುತ್ತಾರೆ. ಹಾಗೆಯೇ ಸಾರಿಗೆ ವ್ಯವಸ್ಥೆಯ ವೆಚ್ಚವನ್ನು ನಿರ್ಧರಿಸುವುದು ಸಾಧಾರಣ ದಿನದ ಮಧ್ಯಾಹ್ನದ ಖಾಲಿ ಗಾಡಿಯಲ್ಲ, ಎಲ್ಲರೂ ಒಮ್ಮೆಗೇ ಹೊರಡುವ ಆ ಒಂದು ಗಂಟೆ. ಆ ಗಂಟೆಯ ವೆಚ್ಚಕ್ಕೆ ಕಾರಣರಾದವರು ಅದನ್ನು ಭರಿಸಲಿ ಎಂಬುದು ಪರಿಸರವಾದಿಗಳೂ ಒಪ್ಪುವ ತತ್ವವೇ.

ಆದರೂ ಈ ಏರಿಕೆಗೆ ಬಂದ ವಿರೋಧವನ್ನು ಅಸೂಯೆಯ ಕೂಗೆಂದು ತಳ್ಳಿಹಾಕುವಂತಿಲ್ಲ. ಒಲಿಂಪಿಕ್ಸ್ ಆತಿಥ್ಯಕ್ಕೆ ಅರ್ಜಿ ಹಾಕುವಾಗ ಪ್ಯಾರಿಸ್ ಕೊಟ್ಟ ಭರವಸೆಗಳಲ್ಲಿ ಪಂದ್ಯದ ಟಿಕೆಟ್ ಹೊಂದಿದವರಿಗೆ ಉಚಿತ ಸಾರ್ವಜನಿಕ ಸಾರಿಗೆಯೂ ಒಂದು. ಆತಿಥ್ಯ ದೊರೆತ ಮೇಲೆ ವೆಚ್ಚದ ನೆಪದಲ್ಲಿ ಆ ಭರವಸೆಯನ್ನು ಕೈಬಿಡಲಾಯಿತು. ಉಚಿತವೆಂದದ್ದು ದುಪ್ಪಟ್ಟಾಯಿತು. ಎರಡನೆಯದಾಗಿ, ಹೆಚ್ಚಿದ ದರ ಆಟದ ಪ್ರೇಕ್ಷಕನನ್ನು ಹುಡುಕಿಕೊಂಡು ಹೋಗಲಿಲ್ಲ. ಪಾಸು ಇಲ್ಲದವರೆಲ್ಲರ ಮೇಲೂ ಅದು ಸಮನಾಗಿ ಬಿತ್ತು. ಸಾವಿರಾರು ಯೂರೊ ತೆತ್ತು ಉದ್ಘಾಟನಾ ಸಮಾರಂಭಕ್ಕೆ ಬಂದ ಧನಿಕನಿಗೂ ಅದೇ ನಾಲ್ಕು ಯೂರೊ. ದೂರದ ಪ್ರಾಂತ್ಯದಿಂದ ಮಗಳ ಹೆರಿಗೆಗೆಂದು ಬಂದ ತಾಯಿಗೂ ಅದೇ ನಾಲ್ಕು ಯೂರೊ. ನಾಲ್ವರು ವಯಸ್ಕರ ಕುಟುಂಬವೊಂದು ಒಮ್ಮೆ ಹೋಗಿಬರಲು ಎಂಟು ಟಿಕೆಟ್ ಬೇಕು. ಹಳೆಯ ದರದಲ್ಲಿ 17.20 ಯೂರೊ ಆಗುತ್ತಿದ್ದುದು 32 ಯೂರೊ ಆಯಿತು. ಧನಿಕನಿಗೆ ಅದು ಒಂದು ಲೋಟ ಪಾನೀಯದ ಬೆಲೆ, ಬಡ ಕುಟುಂಬಕ್ಕೆ ಒಂದು ದಿನದ ಊಟ.

ಸ್ಥಳೀಯ ಮತ್ತು ಪರಸ್ಥಳೀಯ ಎಂಬ ಗೆರೆಯನ್ನು ಎಳೆಯುವುದು ಸುಲಭ. ಆ ಗೆರೆಯ ಮೇಲೆ ಜಗಳ ಹಚ್ಚುವುದು ಇನ್ನೂ ಸುಲಭ. ಆದರೆ ಈ ಲೆಕ್ಕದಲ್ಲಿ ಮೂರನೆಯವನೊಬ್ಬನಿದ್ದಾನೆ. ಪ್ರಸಾರದ ಹಕ್ಕುಗಳನ್ನು ಮಾರುವವನು, ಪ್ರಾಯೋಜಕರಿಂದ ಹಣ ಪಡೆಯುವವನು, ಪಂದ್ಯದ ಟಿಕೆಟ್ ಮಾರುವವನು ಅವನೇ. ಜಾತ್ರೆಯ ಧಣಿಯನ್ನು ಬಿಟ್ಟು ಊರವರೂ ಭಕ್ತರೂ ಪರಸ್ಪರ ಕಚ್ಚಾಡಿದರೆ ಲಾಭ ಯಾರಿಗೆ?

ಟಿಕೆಟ್ಟಿನೊಳಗೇ ಬಸ್ಸು

ಈ ಮೂರನೆಯವನನ್ನು ಲೆಕ್ಕಕ್ಕೆ ಎಳೆದುತಂದ ಉದಾಹರಣೆಗಳು ಇಲ್ಲದಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪಂದ್ಯದ ಟಿಕೆಟ್ಟಿನ ಬೆಲೆಯಲ್ಲೇ ಸಾರ್ವಜನಿಕ ಸಾರಿಗೆಯ ವೆಚ್ಚವೂ ಸೇರಿತ್ತು. 2006ರಲ್ಲಿ ಜರ್ಮನಿಯ 12 ನಗರಗಳಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಪಂದ್ಯದ ಟಿಕೆಟ್ಟೇ ಆ ದಿನದ ಬಸ್, ಟ್ರಾಮ್, ಸ್ಥಳೀಯ ರೈಲಿನ ಟಿಕೆಟ್ ಆಗಿತ್ತು. ‘ಗ್ರೀನ್ ಗೋಲ್’ ಎಂಬ ಹೆಸರಿನಲ್ಲಿ ಆ ಕ್ರೀಡಾಕೂಟಕ್ಕೆ ಒಂದು ಪರಿಸರ ಕಾರ್ಯಕ್ರಮವನ್ನೇ ರೂಪಿಸಲಾಗಿತ್ತು. ಪ್ರೇಕ್ಷಕರಲ್ಲಿ ಅರ್ಧದಷ್ಟು ಮಂದಿಯಾದರೂ ಸಾರ್ವಜನಿಕ ವಾಹನದಲ್ಲಿ ಬರಬೇಕೆಂಬುದು ಅದರ ಗುರಿಗಳಲ್ಲೊಂದು. ಜರ್ಮನರಿಗೆ ಇದು ಹೊಸ ಉಪಾಯವೂ ಆಗಿರಲಿಲ್ಲ. ಅಲ್ಲಿನ ಲೀಗ್ ಪಂದ್ಯಗಳಲ್ಲಿ ಕ್ಲಬ್ಬುಗಳು ಸ್ಥಳೀಯ ಸಾರಿಗೆ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಇಂಥ ಜೋಡಿ ಟಿಕೆಟ್ ಕೊಡುವುದು ವಾಡಿಕೆ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಗರದ ಪಂದ್ಯಗಳಿಗೆ ಟಿಕೆಟ್ ಪಡೆದವರಿಗೆ ಆ ದಿನದ ಪ್ರಯಾಣದ ಕಾರ್ಡು ಜೊತೆಗೇ ಬಂತು. ಒಲಿಂಪಿಕ್ ಪಾರ್ಕಿನಲ್ಲಿ ಸಾಮಾನ್ಯ ಪ್ರೇಕ್ಷಕರ ಕಾರುಗಳಿಗೆ ನಿಲುಗಡೆಯನ್ನೇ ಒದಗಿಸಿರಲಿಲ್ಲ. ಒಂದು ಕೈಯಿಂದ ಕಾರನ್ನು ತಡೆದು ಇನ್ನೊಂದು ಕೈಯಿಂದ ರೈಲಿನ ಬಾಗಿಲು ತೆರೆದದ್ದು ಅಲ್ಲಿನ ವಿವೇಕ. 2022ರಲ್ಲಿ ಕತಾರ್ ದೇಶವು ವಿಶ್ವಕಪ್ ಫುಟ್‌ಬಾಲ್‌ಗೆ ಬಂದವರಿಗೆ ‘ಹಯ್ಯಾ’ ಕಾರ್ಡಿನ ಮೂಲಕ ಮೆಟ್ರೊ ಮತ್ತು ಬಸ್ ಪ್ರಯಾಣವನ್ನು ಉಚಿತಗೊಳಿಸಿತು. ಆದರೆ ಅಲ್ಲಿ ವೆಚ್ಚವನ್ನು ಭರಿಸಿದ್ದು ತೈಲ ಮತ್ತು ಅನಿಲದಿಂದ ತುಂಬಿದ ಬೊಕ್ಕಸ. ಎಲ್ಲ ದೇಶಗಳಿಗೂ ಅದು ಮಾದರಿಯಾಗಲಾರದು.

ಭಾರತದಲ್ಲಿಯೂ ಇದರ ಸಣ್ಣ ಬೆಳಕೊಂದು ಕಂಡಿದೆ. ಚೆನ್ನೈಯಲ್ಲಿ ಐಪಿಎಲ್ ಪಂದ್ಯದ ಟಿಕೆಟ್ ತೋರಿಸಿದವರಿಗೆ ಮೆಟ್ರೊದಲ್ಲಿ ಉಚಿತವಾಗಿ ಹೋಗಿಬರುವ ಅವಕಾಶವನ್ನು ತಂಡ ಮತ್ತು ಮೆಟ್ರೊ ಸಂಸ್ಥೆಯ ಒಪ್ಪಂದದಿಂದ ಕಲ್ಪಿಸಲಾಗಿದೆ. ಬೆಂಗಳೂರಿನಲ್ಲಿ ಪಂದ್ಯದ ರಾತ್ರಿಗಳಲ್ಲಿ ಮೆಟ್ರೊ ಓಡಾಟದ ಅವಧಿಯನ್ನು ವಿಸ್ತರಿಸಿ, ಮರಳುವ ಪ್ರಯಾಣಕ್ಕೆ 50 ರೂಪಾಯಿಯ ಕಾಗದದ ಟಿಕೆಟ್ಟನ್ನು ಮುಂಚಿತವಾಗಿ ಮಾರಿದ್ದುಂಟು. ಮೊದಲನೆಯದರಲ್ಲಿ ಪ್ರಯಾಣ ಪಂದ್ಯದ ಒಂದು ಭಾಗ. ಎರಡನೆಯದರಲ್ಲಿ ಅದು ಪ್ರೇಕ್ಷಕನ ಸ್ವಂತ ಖರ್ಚು. ಈ ಅಂತರವನ್ನು ಗಮನಿಸಬೇಕು.

ಜೋಡಿ ಟಿಕೆಟ್ಟಿನ ಗುಣಗಳು ಮೂರು. ಒಂದು, ಗುಂಪನ್ನು ಸೃಷ್ಟಿಸಿದವನೇ ಅದರ ಸಾಗಣೆಯ ವೆಚ್ಚವನ್ನೂ ಹೊರುತ್ತಾನೆ. ಪಂದ್ಯಕ್ಕೂ ತನಗೂ ಸಂಬಂಧವಿಲ್ಲದ ದಾರಿಹೋಕನ ಜೇಬಿಗೆ ಕತ್ತರಿ ಬೀಳುವುದಿಲ್ಲ. ಎರಡು, ಬಸ್ಸಿನ ಹಣವನ್ನು ಮೊದಲೇ ಕೊಟ್ಟಾಗಿದೆ ಎಂದಮೇಲೆ ಕಾರನ್ನು ಹೊರತೆಗೆಯುವ ಮನಸ್ಸು ಕುಗ್ಗುತ್ತದೆ. ಮೂರು, ಎಷ್ಟು ಜನ ಯಾವ ಹೊತ್ತಿಗೆ ಎಲ್ಲಿಗೆ ಬರುತ್ತಾರೆಂಬುದು ಸಾರಿಗೆ ಸಂಸ್ಥೆಗೆ ಮುಂಚಿತವಾಗಿಯೇ ತಿಳಿಯುತ್ತದೆ. ಈ ಮೂರನೆಯ ಗುಣವನ್ನು ಹಗುರವಾಗಿ ಕಾಣಬಾರದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವಕ್ಕೆ ನೆರೆದ ಜನಸಂದಣಿಯಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಪ್ರಾಣ ಕಳೆದುಕೊಂಡರು. ಎಷ್ಟು ಜನ ಬರುತ್ತಾರೆಂಬ ಲೆಕ್ಕವಿಲ್ಲದ ಕಡೆ ಗುಂಪು ಎಷ್ಟು ಘೋರವಾಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಉಚಿತ ಟಿಕೆಟ್ ಇದ್ದರೆ ಸಾಲದು

ಹಾಗೆಂದು ಜೋಡಿ ಟಿಕೆಟ್ ಎಲ್ಲ ರೋಗಕ್ಕೂ ಮದ್ದಲ್ಲ. 2024ರಲ್ಲಿ ಜರ್ಮನಿಯಲ್ಲೇ ನಡೆದ ಯೂರೊ ಫುಟ್‌ಬಾಲ್ ಕೂಟವನ್ನು ನೋಡಬಹುದು. ಅಲ್ಲಿ ಪಂದ್ಯದ ಟಿಕೆಟ್ ಹೊಂದಿದವರಿಗೆ 36 ಗಂಟೆಗಳ ಉಚಿತ ಸ್ಥಳೀಯ ಪ್ರಯಾಣದ ಸೌಲಭ್ಯವಿತ್ತು. ಪಂದ್ಯದ ದಿನ ಬೆಳಗ್ಗೆ 6ರಿಂದ ಮರುದಿನ ಸಂಜೆ 6ರವರೆಗೆ ಅದು ನಡೆಯುತ್ತಿತ್ತು. ಕಾಗದದ ಮೇಲೆ ಇದಕ್ಕಿಂತ ಉದಾರವಾದದ್ದು ಸಿಗದು. ಆದರೂ ಜೂನ್ 16ರಂದು ಗೆಲ್ಸೆನ್‌ಕಿರ್ಷನ್ ಎಂಬ ಹಳೆಯ ಗಣಿನಗರದಲ್ಲಿ ಇಂಗ್ಲೆಂಡ್ ಮತ್ತು ಸರ್ಬಿಯಾ ನಡುವಣ ಪಂದ್ಯ ಮುಗಿದಾಗ ಸಾವಿರಾರು ಪ್ರೇಕ್ಷಕರು ಟ್ರಾಮಿಗಾಗಿ ಗಂಟೆಗಟ್ಟಲೆ ಕಾಯಬೇಕಾಯಿತು. ಟಿಕೆಟ್ ಎಲ್ಲರ ಕೈಯಲ್ಲಿತ್ತು, ಗಾಡಿ ಮಾತ್ರ ಇರಲಿಲ್ಲ. ನೀರಿನ ಹಕ್ಕುಪತ್ರವನ್ನು ಎಲ್ಲರಿಗೂ ಹಂಚಿ ಕಾಲುವೆಯನ್ನೇ ತೋಡದಿದ್ದರೆ ನೀರುಗಂಟಿ ತಾನೇ ಏನು ಮಾಡಿಯಾನು?

ಈ ವಿಷಯದಲ್ಲಿ ಪ್ಯಾರಿಸ್ಸಿಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು. ದರವೇನೋ ಏರಿತು, ಅದರ ಜೊತೆಗೆ ಗಾಡಿಗಳೂ ಬಂದವು. ಮೆಟ್ರೊದ 14ನೇ ಮಾರ್ಗವನ್ನು ಓರ್ಲಿ ವಿಮಾನ ನಿಲ್ದಾಣದವರೆಗೆ ವಿಸ್ತರಿಸಿ 2024ರ ಜೂನ್‌ನಲ್ಲಿ ಆರಂಭಿಸಲಾಯಿತು. ಬೇಸಿಗೆಯ ರಜೆಯಲ್ಲಿ ಸಾಮಾನ್ಯವಾಗಿ ಕಡಿಮೆಯಾಗುವ ರೈಲುಗಳ ಸಂಖ್ಯೆಯನ್ನು ಹೆಚ್ಚಿಸಲಾಯಿತು. ಸಾರಿಗೆ ಸಿದ್ಧವಾಗಲಾರದು ಎಂದು ನಗರದ ಮೇಯರ್ ಆಗಿದ್ದ ಆನ್ ಇದಾಲ್ಗೊ ಅವರೇ 2023ರಲ್ಲಿ ಸಂಶಯ ವ್ಯಕ್ತಪಡಿಸಿದ್ದರು; ಕೂಟದ ದಿನಗಳಲ್ಲಿ ಆ ಆತಂಕ ನಿಜವಾಗಲಿಲ್ಲ.

ಇದರಿಂದ ತಿಳಿಯುವುದು ಇಷ್ಟು. ದರ ಎಂಬುದು ಒಂದು ಸನ್ನೆ ಮಾತ್ರ. ಆ ಸನ್ನೆಯನ್ನು ಪಾಲಿಸಲು ಬೇರೆ ದಾರಿಯಿದ್ದರೆ ಜನ ಪಾಲಿಸುತ್ತಾರೆ. ಪ್ಯಾರಿಸ್ಸಿನಲ್ಲಿ ಮೆಟ್ರೊ ದುಬಾರಿಯಾದರೂ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಆದ್ದರಿಂದ ಜನ ಮೆಟ್ರೊವನ್ನೇ ಹತ್ತಿದರು, ನಡೆದರು, ಸೈಕಲ್ ತುಳಿದರು. ಕೈಗೊಂದು ದ್ವಿಚಕ್ರ ವಾಹನವಿರುವ ಭಾರತೀಯ ನಗರಗಳಲ್ಲಿ ಪಂದ್ಯದ ದಿನ ಬಸ್ ದರವನ್ನು ದುಪ್ಪಟ್ಟುಗೊಳಿಸಿದರೆ ಆಗುವುದೇನು? ಜನ ಬಸ್ಸನ್ನು ಬಿಟ್ಟು ಬೈಕಿನ ಕಿವಿ ಹಿಂಡುತ್ತಾರೆ. ಹೊಗೆ ಹೆಚ್ಚುತ್ತದೆ, ರಸ್ತೆ ಕಟ್ಟಿಕೊಳ್ಳುತ್ತದೆ, ಬಸ್ಸೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ನೆಲಕ್ಕೆ ಒಗ್ಗಿದ ತಳಿಯನ್ನು ಮಣ್ಣು ಪರೀಕ್ಷಿಸದೆ ಇನ್ನೊಂದು ನೆಲದಲ್ಲಿ ನೆಟ್ಟರೆ ಫಲ ಬಾರದು. ದರದ ನೀತಿಗೂ ಈ ಮಾತು ಸಲ್ಲುತ್ತದೆ.

ಬೆಟ್ಟಕ್ಕೆ ಬರುವ ಜಾತ್ರೆ

ನಗರಗಳಿಗೆ ಮೆಟ್ರೊ ಇದೆ, ಹತ್ತು ದಾರಿಗಳಿವೆ. ಬೆಟ್ಟಕ್ಕೆ ಇರುವುದು ಒಂದೇ ರಸ್ತೆ. ಆದ್ದರಿಂದ ಚಳಿಗಾಲದ ಒಲಿಂಪಿಕ್ಸ್ ಇತಿಹಾಸವನ್ನು ಗುಡ್ಡಗಾಡಿನ ಜನ ಇನ್ನಷ್ಟು ಎಚ್ಚರದಿಂದ ಓದಬೇಕು. 2014ರ ಸೋಚಿ ಕೂಟಕ್ಕಾಗಿ ರಷ್ಯಾ ದೇಶವು ಕಡಲತೀರದಿಂದ ಕ್ರಾಸ್ನಯಾ ಪೋಲ್ಯಾನಾ ಎಂಬ ಬೆಟ್ಟದೂರಿನವರೆಗೆ ಮ್ಝಿಮ್ತಾ ನದಿಯ ಕಣಿವೆಯಲ್ಲಿ ರಸ್ತೆ ಮತ್ತು ರೈಲು ಮಾರ್ಗವನ್ನು ಒಟ್ಟಿಗೆ ನಿರ್ಮಿಸಿತು. ಆ ಕೂಟದ ಅತಿ ದುಬಾರಿ ಕಾಮಗಾರಿಗಳಲ್ಲಿ ಅದೂ ಒಂದು. ನದಿಯ ಪಾತ್ರಕ್ಕೆ ಮತ್ತು ಕಾಡಿಗೆ ಆದ ಹಾನಿಯನ್ನು ಪ್ರಶ್ನಿಸಿದ ಪರಿಸರ ಹೋರಾಟಗಾರರಲ್ಲೊಬ್ಬರಾದ ಎವ್ಗೆನಿ ವಿತಿಶ್ಕೊ ಸೆರೆಮನೆ ಸೇರಿದರು. 2026ರ ಫೆಬ್ರವರಿಯಲ್ಲಿ ನಡೆದ ಮಿಲಾನೊ ಕೊರ್ತಿನಾ ಕೂಟಕ್ಕಾಗಿ ಕೊರ್ತಿನಾದಲ್ಲಿ ಹೊಸ ಜಾರುಬಂಡಿ ಪಥ ನಿರ್ಮಿಸಲು ಲಾರ್ಚ್ ಮರಗಳನ್ನು ಉರುಳಿಸಿದಾಗ ಇಟಲಿಯಲ್ಲೂ ಪ್ರತಿಭಟನೆ ಎದ್ದಿತು. 2030ರ ಕೂಟ ಫ್ರಾನ್ಸಿನ ಆಲ್ಪ್ಸ್ ಪರ್ವತಗಳಿಗೆ ಹೋಗಲಿದೆ.

ಇವುಗಳ ನಡುವೆ ಕೆನಡಾದ ವ್ಯಾಂಕೂವರ್ 2010ರಲ್ಲಿ ಬೇರೊಂದು ದಾರಿಯನ್ನು ತುಳಿಯಿತು. ನಗರದ ಪಂದ್ಯಗಳ ಟಿಕೆಟ್ಟಿನಲ್ಲೇ ಸ್ಥಳೀಯ ಬಸ್ ಮತ್ತು ರೈಲಿನ ಪ್ರಯಾಣ ಸೇರಿತ್ತು. ಬೆಟ್ಟದ ಮೇಲಿನ ವಿಸ್ಲರ್ ಊರಿನ ಕ್ರೀಡಾ ತಾಣಗಳಲ್ಲಿ ಪ್ರೇಕ್ಷಕರ ಕಾರುಗಳಿಗೆ ನಿಲುಗಡೆ ಇರಲಿಲ್ಲ. ನಗರದಿಂದ ಬರುವವರು ಮುಂಗಡವಾಗಿ ಆಸನ ಕಾದಿರಿಸಿ ವಿಶೇಷ ಬಸ್ಸುಗಳಲ್ಲಿ ಬರಬೇಕಿತ್ತು, ಅದಕ್ಕೆ ಪ್ರತ್ಯೇಕ ಶುಲ್ಕ. ಆ ಬೆಟ್ಟದ ಹೆದ್ದಾರಿಯನ್ನೂ ಕೂಟಕ್ಕಾಗಿ ಅಗಲಗೊಳಿಸಿದ್ದರು ಎಂಬುದನ್ನು ಮರೆಯಬಾರದು. ಆದರೂ ಬೆಟ್ಟಕ್ಕೆ ಎಷ್ಟು ವಾಹನ ಏರಬೇಕೆಂಬ ಮಿತಿಯನ್ನು ಮೊದಲು ಗುರುತಿಸಿ, ಅನಂತರ ಜನರನ್ನು ಕರೆಯುವ ಕ್ರಮ ಅಲ್ಲಿತ್ತು.

ಮಲೆನಾಡಿನಲ್ಲಿ ಒಲಿಂಪಿಕ್ಸ್ ನಡೆಯದು. ಆದರೆ ವಾರಾಂತ್ಯ ಬಂತೆಂದರೆ ಮುಳ್ಳಯ್ಯನಗಿರಿಯ ದಾರಿಯಲ್ಲಿ, ಆಗುಂಬೆಯ ಘಾಟಿಯಲ್ಲಿ, ಕೊಡಗಿನ ಕವಲುದಾರಿಗಳಲ್ಲಿ ಸಾಲುಗಟ್ಟುವ ವಾಹನಗಳು ಯಾವ ಜಾತ್ರೆಗೂ ಕಡಿಮೆಯಿಲ್ಲ. ಆ ದಿನಗಳಲ್ಲಿ ಹಳ್ಳಿಯ ಬಸ್ಸು ಹೊತ್ತಿಗೆ ಸರಿಯಾಗಿ ಬಾರದು, ಆಂಬುಲೆನ್ಸಿಗೂ ದಾರಿ ಸಿಗದು. ಇನ್ನು ದೂರದ ಪಟ್ಟಣದಲ್ಲಿ ಯಾವುದೋ ಬೃಹತ್ ಸಮಾವೇಶಕ್ಕೋ ಉತ್ಸವಕ್ಕೋ ಬಸ್ಸುಗಳನ್ನು ಬಾಡಿಗೆಗೆ ಎತ್ತಿದ ದಿನ ಮೊದಲು ರದ್ದಾಗುವುದು ದಿನಕ್ಕೆರಡೇ ಬಾರಿ ಬಸ್ಸು ಬರುವ ಕೊನೆಯ ಊರಿನ ಮಾರ್ಗ. ಆ ಊರಿನ ಹುಡುಗಿಯ ಕೈಯಲ್ಲಿ ಪಾಸು ಇದ್ದೇ ಇರುತ್ತದೆ. ಅವಳ ಪಾಸಿನ ಬೆಲೆ ಅಂದು ಸೊನ್ನೆ.

ಮುಂದಿನ ದಾರಿ

ರಾಷ್ಟ್ರಮಂಡಲ ಕ್ರೀಡಾಕೂಟದ 2030ರ ಆತಿಥ್ಯ ಅಹಮದಾಬಾದಿಗೆ ದೊರೆತಿದೆ. 2036ರ ಒಲಿಂಪಿಕ್ಸ್‌ಗೂ ಭಾರತ ಕೈಚಾಚಿದೆ. ಕ್ರೀಡಾಂಗಣಗಳ ಗಾತ್ರದ ಬಗ್ಗೆ, ಹೋಟೆಲುಗಳ ಬಗ್ಗೆ ಈಗಾಗಲೇ ಉತ್ಸಾಹದ ಮಾತುಗಳಿವೆ. ಬರುವ ಜನ ಹೇಗೆ ಓಡಾಡಬೇಕು, ಅದರ ಹಣವನ್ನು ಯಾರು ಕೊಡಬೇಕು ಎಂಬ ಮಾತನ್ನೂ ಈ ಹೊತ್ತಿನಲ್ಲೇ ಆಡಬೇಕು. ಕರಾರಿಗೆ ಸಹಿ ಬಿದ್ದ ಮೇಲೆ ಭರವಸೆಗಳು ಹೇಗೆ ಕರಗುತ್ತವೆಂಬುದನ್ನು ಪ್ಯಾರಿಸ್ ತೋರಿಸಿದೆ.

ಇದುವರೆಗಿನ ಅನುಭವದಿಂದ ನಾಲ್ಕು ತತ್ವಗಳನ್ನು ಆರಿಸಿಕೊಳ್ಳಬಹುದು. ಮೊದಲನೆಯದು, ಪಂದ್ಯದ ಟಿಕೆಟ್ಟಿನಲ್ಲೇ ಸಾರ್ವಜನಿಕ ಸಾರಿಗೆಯ ಶುಲ್ಕ ಸೇರಿರಬೇಕು. ಆ ಹಣವನ್ನು ಸಂಘಟಕರು ಸಾರಿಗೆ ಸಂಸ್ಥೆಗೆ ಮುಂಚಿತವಾಗಿ ಪಾವತಿ ಮಾಡಬೇಕು. ದುಬಾರಿ ಆಸನಕ್ಕೆ ಹೆಚ್ಚು, ಅಗ್ಗದ ಆಸನಕ್ಕೆ ಕಡಿಮೆ ಎಂಬ ಕ್ರಮ ನ್ಯಾಯಸಮ್ಮತ. ಎರಡನೆಯದು, ಪಂದ್ಯಕ್ಕೆ ಸಂಬಂಧಿಸದ ಯಾವ ಪ್ರಯಾಣಿಕನಿಗೂ, ಅವನು ಸ್ಥಳೀಯನಿರಲಿ ಪರಸ್ಥಳೀಯನಿರಲಿ, ದರ ಏರಬಾರದು. ಮೂರನೆಯದು, ವಿಶೇಷ ಬಸ್ಸುಗಳಿಗಾಗಿ ನಿತ್ಯದ ಮಾರ್ಗಗಳನ್ನು ಬರಿದು ಮಾಡಬಾರದು. ಕೊನೆಯ ಹಳ್ಳಿಯ ಬಸ್ಸನ್ನು ಕೊನೆಯವರೆಗೂ ಮುಟ್ಟಬಾರದು. ನಾಲ್ಕನೆಯದು, ಖಾಸಗಿ ವಾಹನಗಳ ನಿಲುಗಡೆಗೆ ಮಿತಿ ಹಾಕದೆ ಬಸ್ಸನ್ನು ಅಗ್ಗಗೊಳಿಸಿದರೆ ಅದು ಅರ್ಧ ಕೆಲಸ. ಬಸ್ಸನ್ನು ಒದಗಿಸದೆ ನಿಲುಗಡೆಗೆ ಮಿತಿ ಹಾಕಿದರೆ ಅದು ಪೂರ್ಣ ಅನ್ಯಾಯ.

ಈ ತತ್ವಗಳಿಗೆ ಆಕ್ಷೇಪಣೆ ಇಲ್ಲದಿಲ್ಲ. ಕ್ರೀಡಾಂಗಣದ ಪಕ್ಕದ ಮನೆಯಿಂದ ನಡೆದುಬಂದವನೂ ಬಸ್ಸಿನ ಹಣವನ್ನು ಏಕೆ ಕೊಡಬೇಕು ಎಂದು ಕೇಳಬಹುದು. ಉತ್ತರ ಸರಳ. ಅವನು ನಡೆದುಬರುವ ಬೀದಿ ಕಾರುಗಳಿಂದ ಕಟ್ಟಿಕೊಳ್ಳದೆ ಉಳಿಯುವುದು ಉಳಿದವರು ಬಸ್ಸಿನಲ್ಲಿ ಬಂದದ್ದರಿಂದ. ತೋಟದ ಮೇಲ್ಭಾಗದಲ್ಲಿ ಇರುವವನೂ ಕೆರೆಯ ಹೂಳೆತ್ತಲು ಪಾಲು ಕೊಡುವ ಊರಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅತಿಥಿಯನ್ನು ಆದರಿಸುವುದು ಮಲೆನಾಡಿನ ಧರ್ಮ. ಬಾಯಾರಿದವನಿಗೆ ಬೆಲ್ಲ ನೀರು ಕೊಟ್ಟು ಕೂರಿಸುವ ಜಗುಲಿಗಳು ಇಲ್ಲಿ ಇನ್ನೂ ಉಳಿದಿವೆ. ಆದರೆ ಅತಿಥಿಗಳನ್ನು ಕರೆತಂದು ಲಾಭ ಎಣಿಸುವವನು ಆತಿಥ್ಯದ ಖರ್ಚನ್ನು ಮನೆಯವರ ತಟ್ಟೆಯಿಂದ ಎತ್ತಿದರೆ ಅದು ಆತಿಥ್ಯವೆನಿಸದು. ಪ್ಯಾರಿಸ್ಸಿನ ಮೆಟ್ರೊ ಇರಲಿ, ಘಟ್ಟದ ಕೆಂಪು ಬಸ್ಸಿರಲಿ, ಸಾರ್ವಜನಿಕ ಸಾರಿಗೆಯ ಮೇಲೆ ಮೊದಲ ಹಕ್ಕು ಇರುವುದು ಪ್ರತಿದಿನ ಅದನ್ನೇ ನಂಬಿ ಬದುಕುವವರಿಗೆ. ಮುಂದಿನ ಜಾತ್ರೆಯ ಮುಂಜಾನೆ ಕೊನೆಯ ಊರಿನ ಹುಡುಗಿ ಕೈ ಅಡ್ಡ ಹಿಡಿದಾಗ ಬಸ್ಸು ನಿಲ್ಲಬೇಕು. ಗ್ರಾಮಸಭೆಯಲ್ಲಿ, ಕಾಲೇಜಿನ ಅಂಗಳದಲ್ಲಿ, ಡಿಪೊ ವ್ಯವಸ್ಥಾಪಕರ ಮೇಜಿನ ಮುಂದೆ ಕೇಳಬೇಕಾದ ಮೊದಲ ಬೇಡಿಕೆ ಅಷ್ಟೇ.